ಬಸುರಿ ವೈನಿ ಇಂಟರ್ ಓದಿದ ವರ್ಷ

ಕೊನೆಯ ವಾರಗಳಲ್ಲಿ ಡಾಕ್ಟರು ವೈನಿಗೆ, ಅಂದರೆ ನನ್ನ ಅಣ್ಣನ ಹೆಂಡತಿಗೆ, ನೀರು ಕಡಿಮೆ ಮಾಡಿದ್ದರು. ಮೂತ್ರಪಿಂಡ ಸೋತಿತ್ತು. ದಿನಕ್ಕೆ ಇಷ್ಟೇ ಎಂದು ಒಂದು ಸಣ್ಣ ಗ್ಲಾಸು ತೋರಿಸಿ ಹೋಗಿದ್ದರು. ನಾನು ಮಂಚದ ಪಕ್ಕ ಕೂತು ಅದನ್ನು ಚಮಚದಿಂದ ಹಾಕುತ್ತಿದ್ದೆ. ಹಾಕಿದಷ್ಟನ್ನೂ ಆಕೆ ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗುತ್ತಿದ್ದಳು. ಒಂದು ಮಧ್ಯಾಹ್ನ ಕಣ್ಣು ತೆರೆದು ನನ್ನನ್ನು ನೋಡಿ ನಕ್ಕಳು.

"ಗೌರಾ, ಆವಾಗ ನಾನs ಕುಡೀಲಿಲ್ಲ. ಈಗ ನೋಡು, ಇವರು ಕೊಡವಲ್ರು."

ಪಕ್ಕದಲ್ಲಿದ್ದ ನರ್ಸು ನನ್ನ ಮುಖ ನೋಡಿದಳು. ಅವಳಿಗೆ ಆ ಮಾತು ಗೊತ್ತಾಗಲಿಲ್ಲ. ಗೊತ್ತಾಗುವವರಲ್ಲಿ ಆ ಹೊತ್ತಿಗೆ ಭೂಮಿಯ ಮೇಲೆ ನಾನೊಬ್ಬಳೇ ಉಳಿದಿದ್ದೆ. ವೈನಿ ಹೋದ ಮೇಲೆ ಮನೆಗೆ ಬಂದವರೆಲ್ಲ ಆಕೆ ಹೈಸ್ಕೂಲಿನಲ್ಲಿ ಕಲಿಸಿದ್ದು, ಹೆಡ್ ಮಿಸ್ಟ್ರೆಸ್ ಆದದ್ದು, ಎಷ್ಟೋ ಹುಡುಗಿಯರನ್ನು ದಂಡೆಗೆ ಹಚ್ಚಿದ್ದು ಹೇಳಿ ಅತ್ತರು. ನನಗೆ ಅಳು ಬರಲಿಲ್ಲ. ಆ ಒಂದು ವರ್ಷ ನೆನಪಿಗೆ ಬಂತು. ನಾನು ಮುಲ್ಕಿ ಪಾಸಾದವಳು, ಅಂದರೆ ಏಳನೆಯ ಇಯತ್ತೆ. ಅದಕ್ಕಿಂತ ಹೆಚ್ಚು ಓದಿಲ್ಲ. ನನಗೆ ಬರೆಯಲು ಬರುವ ಹಾಗೆ ಬರೆಯುತ್ತೇನೆ.

ದೇಶಕ್ಕೆ ಸ್ವಾತಂತ್ರ್ಯ ಬರುವ ಹಿಂದಿನ ವರ್ಷ ಅದು. ಈಗ ವಿಜಯಪುರ ಎಂದು ಬೋರ್ಡು ಹಾಕಿದ್ದಾರೆ, ನನ್ನ ಬಾಯಿಗೆ ಇನ್ನೂ ವಿಜಾಪುರವೇ ಬರುತ್ತದೆ. ನಮ್ಮ ಊರು ತಿಕೋಟಾ. ಹೊಲಮನೆ ಇದ್ದವರು. ವೈನಿ ಬಬಲೇಶ್ವರದ ಸಾಲಿ ಮಾಸ್ತರರ ಮಗಳು, ಹೆಸರು ಸುಶೀಲಾ. ಮದುವೆಯ ಮಾತುಕತೆಯಲ್ಲಿ ಆಕೆಯ ಅಪ್ಪ ಒಂದೇ ಒಂದು ಕೇಳಿದ್ದರು. ಹುಡುಗಿ ಮ್ಯಾಟ್ರಿಕ್ ಆಗಿದ್ದಾಳೆ, ಮುಂದೆ ಓದಿಸಬೇಕು. ನಮ್ಮಪ್ಪ ಹೂಂ ಅಂದ. ಮದುವೆಯಾದ ವರ್ಷವೇ ಅಪ್ಪ ತೀರಿಕೊಂಡ. ಮನೆ, ಹೊಲ, ಕೊಟ್ಟ ಮಾತು, ಮೂರೂ ಅವ್ವನ ಪಾಲಿಗೆ ಬಂದವು.

"ನಿಮ್ಮಪ್ಪ ಮಾತ ಕೊಟ್ಟು ಆರಾಮ ಹ್ವಾದ. ಓದಸೂದು ನನ್ನ ಕೊರಳಿಗೆ ಬಿತ್ತು," ಎಂದು ಅವ್ವ ಗೊಣಗುತ್ತಿದ್ದಳು. ಆದರೂ ಮಾತು ಮುರಿಯಲಿಲ್ಲ. ಮಾತಿಗೆ ಒಂದು ಗಡಿ ಮಾತ್ರ ಹಾಕಿದಳು. "ಓದ್ಲಿ. ಕೂಸು ಆಗೂತನಕ ಓದ್ಲಿ. ಕೂಸು ಬಂದ ಮ್ಯಾಲೆ ಕಾಲೇಜೂ ಇಲ್ಲ ಗೀಲೇಜೂ ಇಲ್ಲ."

ಅಣ್ಣ ಪುಣೆಯಲ್ಲಿ ವಕೀಲಿ ಓದುತ್ತಿದ್ದ. ವಿಜಾಪುರದಲ್ಲಿ ಕಾಲೇಜು ಇನ್ನೂ ಹೊಸದು. ತಾಜ ಬಾವಡಿಯ ಹತ್ತಿರದ ಓಣಿಯಲ್ಲಿ ಎರಡು ಖೋಲಿ ಹಿಡಿದು ವೈನಿಯನ್ನು ಇಟ್ಟರು. ಅಡುಗೆಗೆ ಮತ್ತು ಜೊತೆಗೆಂದು ನನ್ನನ್ನು ಕಳಿಸಿದರು. ಎರಡನೆಯ ವರ್ಷ, ಅಂದರೆ ಇಂಟರಿನ ವರ್ಷ, ಅಣ್ಣ ಪಂಚಮಿ ಹಬ್ಬಕ್ಕೆ ಬಂದು ಹೋದ. ಮಾರನೆಯ ತಿಂಗಳು ವೈನಿ ಒಲೆಯ ಮುಂದೆ ಮೂಗು ಮುಚ್ಚಿಕೊಂಡು ಕೂತಳು.

"ಗೌರಾ, ಯಾರಿಗೂ ಹೇಳಬ್ಯಾಡ. ಪರೀಕ್ಷಾ ಮುಗೀಲಿ," ಎಂದಳು.

ಬೆರಳು ಮಡಚಿ ನೋಡಿದೆವು. ಇಂಟರ್ ಪರೀಕ್ಷೆ ಯುಗಾದಿಯ ಹಿಂದುಮುಂದು, ಕೂಸು ಅದರ ಮುಂದಿನ ತಿಂಗಳು. ಪರೀಕ್ಷೆ ಮೊದಲು ಬಂದರೆ ವೈನಿ ಇಂಟರ್ ಆಗುತ್ತಾಳೆ, ಎಲ್ಲಿಯಾದರೂ ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸಬಹುದು. ನಡುವೆ ಏನಾದರೂ ಆಗಿ ಪರೀಕ್ಷೆ ತಪ್ಪಿದರೆ ಮತ್ತೆ ಕೂಡುವ ಮಾತಿಲ್ಲ, ಅವ್ವನ ಗಡಿ ಅಲ್ಲಿಗೆ ಬಂದುಬಿಡುತ್ತದೆ. ಆ ವರ್ಷವೆಲ್ಲ ಇದೊಂದೇ ನಮ್ಮ ತಲೆಯಲ್ಲಿತ್ತು.

ಮೊದಲ ತಿಂಗಳುಗಳು ವಾಸನೆಯ ತಿಂಗಳುಗಳು. ಕಂದೀಲಿನ ಸೀಮೆಎಣ್ಣೆ ಆಗುತ್ತಿರಲಿಲ್ಲ, ಶಾಯಿ ಆಗುತ್ತಿರಲಿಲ್ಲ, ಒಗ್ಗರಣೆಯಂತೂ ಕೇಳಲೇಬೇಡಿ. ಇಂಡಿ ತಾಲೂಕಿನ ಕಡೆಯ ಲಿಂಬೆಕಾಯಿ ಪೇಟೆಗೆ ಬರುತ್ತಿದ್ದವು. ಒಂದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಕಾಲೇಜಿಗೆ ಹೋಗುತ್ತಿದ್ದಳು. ಹೊಟ್ಟೆ ತಿರುವಿತೆಂದರೆ ಉಗುರಿನಿಂದ ಸಿಪ್ಪೆ ಚೂರು ಕೆರೆದು ಮೂಗಿಗೆ ಹಿಡಿಯುತ್ತಿದ್ದಳು. ನೋಡುವವರಿಗೆ ನೆಗಡಿಯಾದಂತೆ ಕಾಣುತ್ತಿತ್ತು. ಪಂಚಮಿಗೆ ಹುರಿದು ಅರಳಿಸಿದ ಜೋಳದ ಅಳ್ಳು ಡಬ್ಬಿಯಲ್ಲಿ ಉಳಿದಿತ್ತು. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ನಾನು ಒಂದು ಹಿಡಿ ಕೊಡುತ್ತಿದ್ದೆ. ಮಲಗಿದಲ್ಲೇ ಅದನ್ನು ಒಂದೊಂದಾಗಿ ತಿಂದು, ಸ್ವಲ್ಪ ತಡೆದು, ಆಮೇಲೆ ಏಳುತ್ತಿದ್ದಳು. ಹೀಗೆ ಮಾಡಿದ ದಿನ ವಾಂತಿ ಇಲ್ಲ. ಮರೆತು ಎದ್ದ ದಿನ ಕಾಲೇಜಿನ ದಾರಿಯಲ್ಲಿ ಎರಡು ಕಡೆ ನಿಲ್ಲಬೇಕಾಗುತ್ತಿತ್ತು.

ಆಮೇಲೆ ಎದೆಯುರಿ ಬಂತು. ಮಲಗಿ ಓದಿದರೆ ಉರಿ ಗಂಟಲಿಗೆ ಏರುತ್ತದೆ, ಕೂತು ಓದಿದರೆ ಸೊಂಟ ಹಿಡಿಯುತ್ತದೆ. ಖೋಲಿಯ ಗೋಡೆಯಲ್ಲಿ ದೀಪದ ಗೂಡು ಇತ್ತು, ಸರಿಯಾಗಿ ಆಕೆಯ ಎದೆಯ ಎತ್ತರಕ್ಕೆ. ಅದರಲ್ಲಿ ಪುಸ್ತಕ ತೆರೆದಿಟ್ಟು ನಿಂತುಕೊಂಡೇ ಓದುತ್ತಿದ್ದಳು. ಒಮ್ಮೆ ಎಡಗಾಲಿನ ಮೇಲೆ ಭಾರ, ಒಮ್ಮೆ ಬಲಗಾಲಿನ ಮೇಲೆ. ಕೈಯಲ್ಲಿ ಒಣಗಿದ ಖಟಕ ರೊಟ್ಟಿಯ ಚೂರು. ಪುಟಕ್ಕೊಮ್ಮೆ ಒಂದಿಷ್ಟು ಕಡಿಯುತ್ತಿದ್ದಳು. ಮನೆಯ ಯಜಮಾನಿ ಒಮ್ಮೆ ಇಣುಕಿ, "ಏನವಾ, ನಿಮ್ಮ ವೈನಿ ಗ್ವಾಡಿಗೆ ಮಾತಾಡ್ತಾಳ?" ಎಂದು ಕೇಳಿದಳು.

"ಇಂಗ್ಲೀಷ್ ಕಲ್ಸಾಕತ್ತಾಳ್ರಿ," ಎಂದೆ.

"ನಮ್ಮ ಮನೀ ಗ್ವಾಡಿಗೆ ಕನ್ನಡನs ಬರಂಗಿಲ್ಲ," ಎಂದು ನಗುತ್ತ ಹೋದಳು.

ಕಾಲೇಜಿನಲ್ಲಿ ಹೆಣ್ಣುಮಕ್ಕಳು ಒಂದು ಬೆಂಚಿಗೆ ಸಾಕಾಗುವಷ್ಟೇ ಇದ್ದರು. ಪ್ರೊಫೆಸರರು ಬರುವ ತನಕ ಅವರು ಒಂದು ಸಣ್ಣ ಖೋಲಿಯಲ್ಲಿ ಕೂತಿರಬೇಕು. ಗಂಟೆ ಬಾರಿಸಿದ ಮೇಲೆ ಪ್ರೊಫೆಸರರ ಬೆನ್ನ ಹಿಂದೆ ಸಾಲಾಗಿ ತರಗತಿಗೆ ಹೋಗಬೇಕು, ತಾಸು ಮುಗಿದ ಮೇಲೆ ಅವರ ಬೆನ್ನ ಹಿಂದೆಯೇ ಹೊರಗೆ ಬರಬೇಕು. ಇದನ್ನು ಯಾರೂ ಬರೆದಿಟ್ಟಿರಲಿಲ್ಲ. ಆದರೆ ಯಾರೂ ಮೀರುತ್ತಿರಲಿಲ್ಲ. ಅಷ್ಟು ಗಂಡುಹುಡುಗರ ಎದುರು ಒಬ್ಬ ಹೆಣ್ಣುಮಗಳು ಪಾಠದ ನಡುವೆ ಎದ್ದು ಹೊರಗೆ ಹೋಗುವುದೆಂದರೆ ಯಾರ ಮನಸ್ಸಿಗೂ ಬರದ ಸಂಗತಿ. ನಾನು ಆ ಸಣ್ಣ ಖೋಲಿಯಲ್ಲಿ ಹಳೆಯ ಬಟ್ಟೆಯ ತುಂಡು ಕೂಡಿಸಿ ಕೌದಿ ಹೊಲಿಯುತ್ತ ಕೂತಿರುತ್ತಿದ್ದೆ. "ಇಷ್ಟ ಸಣ್ಣ ಕೌದಿ ಯಾರಿಗಿದು?" ಎಂದು ಒಬ್ಬ ಹುಡುಗಿ ಕೇಳಿದಾಗ "ನಮ್ಮನಿ ಬೆಕ್ಕಿಗ್ರಿ" ಎಂದು ಬಿಟ್ಟೆ. ಅವಳು ನಂಬಿದಳು. ವೈನಿ ಇಳಕಲ್ ಸೀರೆಯ ಸೆರಗನ್ನು ಹಿಂದಿನಿಂದ ಸುತ್ತಿ ಮುಂದೆ ಹೊದೆಯುತ್ತಿದ್ದಳು. ಆ ಸೆರಗಿನ ಒಳಗೆ ಏನಿದೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಅವ್ವನಿಗೆ ಹೇಳಲೇಬೇಕಾಯಿತು. ಆಕೆ ಬಯ್ಯಲಿಲ್ಲ, ಖುಷಿಯಾಗಿ ಎಳ್ಳು ಹೋಳಿಗೆ ಮಾಡಿದಳು. ವೈನಿ ಓದು ಮುಗಿಯಿತೆಂದೇ ತಿಳಿದು ಮೂಲೆಯಲ್ಲಿ ಕಣ್ಣೊರೆಸಿಕೊಂಡಳು. ಅವ್ವ ನೋಡಿ, "ಕೂಸು ಆಗೂತನಕ ಅಂದೇನಿ, ಆಗೇತೇನ? ಇಲ್ಲಲ್ಲ. ಹೋಗು," ಎಂದು ಇಬ್ಬರನ್ನೂ ಗಾಡಿ ಹತ್ತಿಸಿ ಕಳಿಸಿದಳು.

ನಿಜವಾದ ತೊಡಕು ಎರಡನೆಯ ಟರ್ಮಿನಲ್ಲಿ ಶುರುವಾಯಿತು. ಹೊಟ್ಟೆ ಕೆಳಗೆ ಒತ್ತತೊಡಗಿತು. ಬಸುರಿಗೆ ಗಳಿಗೆಗೊಮ್ಮೆ ಒಂದಕ್ಕೆ ಹೋಗಬೇಕೆನಿಸುತ್ತದೆ. ಇದು ಯಾರಿಗೂ ಹೊಸದಲ್ಲ. ಆದರೆ ಆ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಅಂಥ ಜಾಗವೇ ಇರಲಿಲ್ಲ. ಉಳಿದ ಹುಡುಗಿಯರು ಮನೆಗೆ ಹೋಗುವ ತನಕ ತಡೆಯುತ್ತಿದ್ದರು. ತಡೆಯುವುದು ವೈನಿಯಿಂದ ಆಗುತ್ತಿರಲಿಲ್ಲ. ಇತಿಹಾಸದ ತಾಸು ಮುಗಿದು ಹೊರಗೆ ಬಂದಾಗ ಮುಖ ಬೆವರಿರುತ್ತಿತ್ತು. ಕಾಲು ಜೋಡಿಸಿಕೊಂಡು ನಿಂತು, ಗೋಡೆ ಹಿಡಿದು, "ನಡಿ ಗೌರಾ, ಲಗೂ ನಡಿ," ಎನ್ನುತ್ತಿದ್ದಳು. ಕೊನೆಯ ತಾಸು ಬಿಟ್ಟು ಮನೆಗೆ ಓಡಿದ್ದೂ ಇದೆ. ಆದರೆ ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂಡಿಸುವುದಿಲ್ಲ.

ಆಗ ಆಕೆ ತಾನೇ ಒಂದು ದಾರಿ ಹುಡುಕಿಕೊಂಡಳು. ನೀರು ಕುಡಿಯುವುದನ್ನು ಬಿಟ್ಟಳು.

ಮೊದಲು ಕಾಲೇಜಿಗೆ ಹೋಗುವ ಮುಂಚೆ ಬಿಟ್ಟಳು. ಅದು ಸಾಲದೆ ಬೆಳಿಗ್ಗೆ ಎದ್ದಾಗಿನಿಂದ ಬಿಟ್ಟಳು. ಕಾಲೇಜು ಮುಗಿಸಿ ಬಂದ ಮೇಲೂ ಅಭ್ಯಾಸ ತಪ್ಪಿದಂತಾಗಿ ಎರಡು ಗುಟುಕು ಕುಡಿದು ತಂಬಿಗೆ ಇಡುತ್ತಿದ್ದಳು. ಭೂತನಾಳ ಕೆರೆಯ ನೀರು ಬರುವ ನಳ ನಮ್ಮ ಓಣಿಯ ಬಾಯಲ್ಲೇ ಇತ್ತು. ನಾನು ತುಂಬಿಟ್ಟ ಹರವಿ ತುಂಬಿದಂತೆಯೇ ಇರುತ್ತಿತ್ತು. "ವೈನಿ, ಬಿಸಲಾಗ ಬಂದೀ, ನೀರ ಕುಡಿ," ಅಂದರೆ, ಊದಿಕೊಂಡ ಪಾದ ತೋರಿಸಿ, "ಕಾಲಾಗs ಇಷ್ಟ ನೀರು ತುಂಬ್ಯಾವಲ್ಲ, ಮ್ಯಾಲೆ ಮತ್ತ ಯಾಕ?" ಎನ್ನುತ್ತಿದ್ದಳು. ಮ್ಯಾಟ್ರಿಕ್ ಆದವಳು, ನನಗಿಂತ ತಿಳಿದವಳು ಎಂದು ನಾನು ಸುಮ್ಮನಾಗುತ್ತಿದ್ದೆ. ಉಪ್ಪು ಹಾಕಿದ ಬಿಸಿನೀರಲ್ಲಿ ಆಕೆಯ ಕಾಲಿಡಿಸಿ ಹಿಮ್ಮಡಿ ತಿಕ್ಕುತ್ತಿದ್ದೆ. ಮೀನಖಂಡ ಹಿಡಿದಾಗ ಹೆಬ್ಬೆರಳು ಹಿಡಿದು ಮೇಲಕ್ಕೆ ಎಳೆಯುತ್ತಿದ್ದೆ. ಆ ಹಿಡಿತ ದಿನದಿನಕ್ಕೆ ಹೆಚ್ಚಾಯಿತು. ತಲೆನೋವು ಬಂತು. ತುಟಿ ಒಡೆಯಿತು. ಬೇಸಿಗೆ ಶುರುವಾಯಿತಲ್ಲ, ಅದಕ್ಕೆ ಎಂದುಕೊಂಡೆವು.

ನಡುವೆ ಕುಬಸದ ದಿನ ಬಂತು. ನಮ್ಮ ಕಡೆ ಏಳನೆಯ ತಿಂಗಳಲ್ಲಿ ಬಸುರಿಗೆ ಹಸಿರು ಸೀರೆ, ಕೈತುಂಬ ಹಸಿರು ಬಳೆ ತೊಡಿಸಿ ಆರತಿ ಮಾಡುತ್ತಾರೆ. ಆಮೇಲೆ ಚೊಚ್ಚಲ ಹೆರಿಗೆಗೆ ತವರಿನವರು ಕರೆದುಕೊಂಡು ಹೋಗುತ್ತಾರೆ. ತಿಕೋಟಾದ ಮನೆಯ ಪಡಸಾಲೆ ತುಂಬ ಹೆಂಗಸರು.

"ಕಾಲೇಜಿನ ಕೂಸೈತಿ ತಗಿ, ಹುಟ್ಟಿದ ಕೂಡ್ಲೆ ಇಂಗ್ಲೀಷಿನ್ಯಾಗ ಅಳ್ತೈತಿ," ಎಂದಳು ಒಬ್ಬಳು.

"ಹಂಗಾದ್ರ ಅಜ್ಜಿಗೆ ತಿಳಿಯೂದ ಹ್ಯಾಂಗ ಬೇ, ಹಾಲ ಕೇಳತೈತೋ ಪುಸ್ತಕ ಕೇಳತೈತೋ?" ಎಂದಳು ಇನ್ನೊಬ್ಬಳು.

ವೈನಿಯ ತಾಯಿ ಬಬಲೇಶ್ವರದಿಂದ ಗಾಡಿ ಕಟ್ಟಿಸಿಕೊಂಡೇ ಬಂದಿದ್ದಳು, ಕರೆದೊಯ್ಯಲು. ವೈನಿ ಹೊಸ ಸೀರೆಯಲ್ಲಿ ಕೂತವಳು ಅತ್ತೆಯ ಮುಖ ನೋಡಿದಳು. "ಅತ್ತಿ, ಪರೀಕ್ಷಾ ಮುಗಿದ ದಿನನ ಹೋಗ್ತೇನ್ರಿ. ಅಲ್ಲೀತನಕ ಬಿಡ್ರಿ."

ಹೆಂಗಸರ ನಗೆ ನಿಂತಿತು. ಕುಬಸವಾದ ಬಸುರಿ ತವರಿಗೆ ಹೋಗದೆ ಪೇಟೆಗೆ ಹೋಗುವುದನ್ನು ಯಾರೂ ಕೇಳಿರಲಿಲ್ಲ. ಅವ್ವ ವೀಳ್ಯದೆಲೆ ಮಡಚಿ ಬಾಯಿಗೆ ಹಾಕಿಕೊಂಡಳು. ಆಮೇಲೆ ಬೀಗಿತ್ತಿಗೆ ಹೇಳಿದಳು. "ನಿಮ್ಮ ಯಜಮಾನ್ರಿಗೆ ನಮ್ಮವರು ಮಾತ ಕೊಟ್ಟಾರ. ಗಾಡಿ ತಿರುಗಿ ಒಯ್ರಿ." ಹಾಗೆಯೇ ಸೊಸೆಯ ಕಡೆ ತಿರುಗಿ, "ಆದ್ರ ಒಂದ ಸಲ ನೋವು ಅಂದೀ ಅಂದ್ರ ಮುಗೀತು. ಪರೀಕ್ಷಾ ನಾಳೆ ಇದ್ರೂ ಸರಿ, ಗಾಡಿ ಬಬಲೇಶ್ವರದ ಹಾದಿ ಹಿಡೀತೈತಿ," ಎಂದಳು.

ಹಸಿರು ಬಳೆಗಳನ್ನು ಹೆರಿಗೆಯ ತನಕ ತೆಗೆಯುವಂತಿಲ್ಲ. ಮರುವಾರ ಕಾಲೇಜಿಗೆ ಹೋದಾಗ ಎಲ್ಲರಿಗೂ ತಿಳಿಯಿತು. ಕೌದಿಯ ವಿಷಯ ಕೇಳಿದ್ದ ಹುಡುಗಿ ನನ್ನ ಬೆನ್ನಿಗೊಂದು ಗುದ್ದು ಕೊಟ್ಟು, "ಬೆಕ್ಕಿಗಂತ ಬೆಕ್ಕಿಗೆ!" ಎಂದಳು. ಗಂಡುಹುಡುಗರು ಒಂದೆರಡು ದಿನ ಪಿಸುಗುಟ್ಟಿ ಸುಮ್ಮನಾದರು. ಯಾವ ಪ್ರೊಫೆಸರರೂ ಏನೂ ಅನ್ನಲಿಲ್ಲ. ಬರೆಯುವಾಗ ಬಳೆ ಸಪ್ಪಳವಾಗುತ್ತದೆಂದು ವೈನಿ ಬಲಗೈಗೆ ಕರವಸ್ತ್ರ ಸುತ್ತಿಕೊಂಡು ಬರೆದಳು. ಗುಟ್ಟು ಹೋಯಿತು, ಆದರೂ ನೀರು ಕುಡಿಯಲು ಶುರು ಮಾಡಲಿಲ್ಲ. ಬಸುರಿ ಎಂದು ತಿಳಿಯುವುದು ಬೇರೆ, ಯಾತಕ್ಕೆ ಎದ್ದು ಹೋದಳು ಎಂದು ಅಷ್ಟು ಜನಕ್ಕೆ ತಿಳಿಯುವುದು ಬೇರೆ ಎಂದು ಆಕೆಯ ಮನಸ್ಸು.

ಯುಗಾದಿ ಇನ್ನೂ ಬಂದಿರಲಿಲ್ಲ, ಬಿಸಿಲು ಆಗಲೇ ಬಂದಿತ್ತು. ಗೋಡೆ ಮುಟ್ಟಿದರೆ ಸುಡುವಂಥ ಒಂದು ಮಧ್ಯಾಹ್ನ ಕಾಲೇಜಿನಿಂದ ಮನೆಗೆ ಬರುವಾಗ, ಓಣಿಯ ತಿರುವಿನಲ್ಲಿ ವೈನಿ ನಿಂತುಬಿಟ್ಟಳು. ಎರಡೂ ಕೈ ಹೊಟ್ಟೆಯ ಮೇಲೆ.

"ಏನಾತ ವೈನಿ?"

"ಕಲ್ಲಾಗೇತಿ. ಮುಟ್ಟಿ ನೋಡು."

ನಿಜವಾಗಿಯೂ ಹೊಟ್ಟೆ ಕಲ್ಲಿನಂತೆ ಬಿಗಿದಿತ್ತು. ಸ್ವಲ್ಪ ಹೊತ್ತಿಗೆ ಸಡಿಲಾಯಿತು. ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಮತ್ತೆ ಬಿಗಿಯಿತು. ಈ ಸಲ ನೋವೂ ಬಂತು, ಸೊಂಟದಿಂದ ಸುತ್ತಿಕೊಂಡು. ಮನೆಯ ಬಾಗಿಲಿಗೆ ಬಂದರೆ ಅಲ್ಲಿ ಅವ್ವ ಕೂತಿದ್ದಳು, ಜೋಳದ ಹಿಟ್ಟು, ಬೆಣ್ಣೆ, ಹೊಲದ ಸೌತೆಕಾಯಿ ಕಟ್ಟಿಕೊಂಡು ಊರಿನ ಗಾಡಿಯಲ್ಲಿ ಬಂದು. ಎತ್ತು ಇನ್ನೂ ಬಿಚ್ಚಿರಲಿಲ್ಲ. ವೈನಿ ನಡೆಯುವುದನ್ನು ಕಂಡ ಕೂಡಲೇ ಆಕೆ ಎದ್ದಳು.

"ನೋವು?"

ವೈನಿ ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಆದರೆ ಅದೇ ಹೊತ್ತಿಗೆ ಬಾಗಿಲ ಚೌಕಟ್ಟು ಹಿಡಿದು ತುಟಿ ಕಚ್ಚಿದಳು.

"ಸುಳ್ಳ ಹೇಳಬ್ಯಾಡ. ನಡಿ, ಗಾಡಿ ಹತ್ತು. ಇನ್ನೂ ಎಂಟು ತುಂಬಿಲ್ಲ, ಯವ್ವಾ, ಈ ಪರೀಕ್ಷಾ ನನ್ನ ಮೊಮ್ಮಗನ್ನ ತಿಂತು!"

"ಅತ್ತಿ, ಇನ್ನ ಸ್ವಲ್ಪ ದಿನ ಅಷ್ಟ ಉಳದಾವ್ರಿ," ಎಂದು ವೈನಿ ಅಳತೊಡಗಿದಳು. ಆಕೆ ಅತ್ತಿದ್ದನ್ನು ನಾನು ಅಷ್ಟು ಜೋರಾಗಿ ಅದೊಂದೇ ಸಲ ಕೇಳಿದ್ದು.

ಬಬಲೇಶ್ವರ ಹತ್ತಿರದ ಹಾದಿಯಲ್ಲ, ಆ ಬಿಸಿಲಲ್ಲಿ ಗಾಡಿ ಮುಟ್ಟುವಷ್ಟರಲ್ಲಿ ಏನಾದರೂ ಆದರೆ? ಅವ್ವನಿಗೂ ಧೈರ್ಯವಾಗಲಿಲ್ಲ. ಮೊದಲು ಊರೊಳಗಿನ ಹೆಣ್ಣುಮಕ್ಕಳ ದವಾಖಾನೆಗೆ ಗಾಡಿ ಹೊಡೆಸಿದಳು. ಅಲ್ಲಿ ಒಬ್ಬ ಡಾಕ್ಟರ ಬಾಯಿ, ಅಂದರೆ ಹೆಂಗಸು ಡಾಕ್ಟರು, ಇದ್ದರು, ಕನ್ನಡಕ ಹಾಕಿದ, ಗಟ್ಟಿ ದನಿಯವರು. ವೈನಿಯನ್ನು ಮಂಚದ ಮೇಲೆ ಮಲಗಿಸಿ, ಹೊಟ್ಟೆ ಒತ್ತಿ, ಕೊಳವೆ ಇಟ್ಟು ಕೂಸಿನ ಎದೆಬಡಿತ ಕೇಳಿ, ನಾಲಗೆ ನೋಡಿದರು. ಬೆರಳಿನಿಂದ ಮುಂಗೈ ಚರ್ಮ ಎತ್ತಿ ಬಿಟ್ಟರು. ಅದು ಎತ್ತಿದಂತೆಯೇ ಸ್ವಲ್ಪ ಹೊತ್ತು ನಿಂತಿತು.

"ಇವತ್ತ ಎಷ್ಟ ನೀರು ಕುಡದೀ?"

ವೈನಿ ಕೈಯ ಹಸಿರು ಬಳೆ ತಿರುಗಿಸಿದಳು.

"ಕುಡದಿರ್ತಾಳ ಬಿಡ್ರಿ," ಎಂದಳು ಅವ್ವ. "ಬ್ಯಾಸಗ್ಯಾಗ ನೀರ ಕುಡೀಲಾರ್ದ ಯಾರರ ಇರತಾರೇನ್ರಿ?"

ಹಿರಿಯರ ನಡುವೆ ಬಾಯಿ ಹಾಕುವ ರೂಢಿ ನನ್ನದಲ್ಲ. ಆದರೂ ಹೇಳಿದೆ. "ಇಲ್ರಿ ಬಾಯಾರ. ನಿನ್ನೆ ಸಂಜಿಮುಂದ ಎರಡ ಗುಟುಕ ಕುಡದಿದ್ದು. ದಿನಾ ಹಂಗs ಮಾಡ್ತಾಳ್ರಿ."

ಡಾಕ್ಟರ ಬಾಯಿ ಕನ್ನಡಕ ತೆಗೆದು ಅವ್ವನ ಕಡೆ ತಿರುಗಿದರು. "ಇದು ಹೆರಿಗಿ ನೋವಲ್ಲ. ಕೂಸು ಛಲೋ ಅದ. ಆದ್ರ ತಾಯಿ ಮೈಯಾಗ ನೀರಿಲ್ಲ, ಅದಕ್ಕs ಹೊಟ್ಟಿ ಬಿಗೀತದ. ಹಿಂಗs ನಡಸಿದ್ರ ಮುಂದಿನ ಸಲ ಖರೇನ ಹೆರಿಗಿ ಆದೀತು."

ಉಪ್ಪು, ಸಕ್ಕರೆ, ಲಿಂಬೆರಸ ಹಾಕಿದ ನೀರು ತಂದರು. ಅವ್ವ ನರ್ಸಿನ ಕೈಯಿಂದ ಲೋಟ ಕಸಿದುಕೊಂಡು ತಾನೇ ಕುಡಿಸಿದಳು. ಕುಡಿದಂತೆ ಮತ್ತೆ ತುಂಬಿಸಿದಳು. ಒಂದು ಕೈ ಸೊಸೆಯ ಹೊಟ್ಟೆಯ ಮೇಲೆ ಇಟ್ಟುಕೊಂಡೇ ಕೂತಿದ್ದಳು. ಮೊದಲು ಹೊಟ್ಟೆ ಬಿಗಿದಾಗಲೆಲ್ಲ ಅವ್ವನ ಮುಖವೂ ಬಿಗಿಯುತ್ತಿತ್ತು. ಆಮೇಲೆ ನಡುವಿನ ಹೊತ್ತು ಉದ್ದವಾಗುತ್ತ ಬಂತು. ಕಿಟಕಿಯ ಬಿಸಿಲು ಮಂಚದಿಂದ ನೆಲಕ್ಕೆ ಇಳಿಯಿತು. ಕೊನೆಗೆ ಅವ್ವ ಉಸಿರು ಬಿಟ್ಟು, "ಮೆತ್ತಗಾತು," ಎಂದಳು. ಕೂಸು ಒಳಗಿನಿಂದ ಒದೆದದ್ದು ಆಕೆಯ ಅಂಗೈಗೆ ತಾಗಿರಬೇಕು. "ಲೇ, ನನ್ನs ಒದೀತಿಯಾ?" ಎಂದು ಬೈದಳು. ಬೈಯುತ್ತಲೇ ಕಣ್ಣಲ್ಲಿ ನೀರು ತಂದುಕೊಂಡಳು.

ಆಮೇಲೆ ಕೇಳಿದಳು, ಯಾಕೆ ಹೀಗೆ ಮಾಡಿದೆ ಎಂದು. ವೈನಿ ಗೋಡೆಯ ಕಡೆ ಮುಖ ಮಾಡಿ ಎಲ್ಲ ಹೇಳಿದಳು. ಸಣ್ಣ ಖೋಲಿ, ಪ್ರೊಫೆಸರರ ಬೆನ್ನು, ಇಲ್ಲದ ಜಾಗ. ಅವ್ವ ಬಾಯಿ ತೆರೆದುಕೊಂಡು ಕೇಳಿದಳು.

"ಒಂದಕ್ಕ ಹೋಗಾಕ ಜಾಗಾ ಇಲ್ಲಂತ ನನ್ನ ಮೊಮ್ಮಗನ್ನ ಒಣಗಿಸಿದ್ಯಾ? ಹೊಲದಾಗ ದಿನಾ ಒಂದ ಬದುವಿನ ಮರಿಗೆ ಕುಂದ್ರೂ ಮಂದಿ ನಾವು, ಇದನ್ನ ಹೇಳಾಕ ನಾಚಿಕಿ ಬಂತೇನ ನಿನಗ?"

"ಯಾರಿಗೆ ಹೇಳ್ಲಿರಿ ಅತ್ತಿ? ಪ್ರೊಫೆಸರರಿಗೆ?"

"ಹೂಂ, ಅವಂಗs ಹೇಳೂದು. ಅವನೇನ ಹೋಗಂಗಿಲ್ಲೇನ?"

ನರ್ಸು ಬಾಯಿಗೆ ಸೆರಗು ಹಿಡಿದು ಹೊರಗೆ ಓಡಿದಳು. ನಕ್ಕರೆ ಹೊಟ್ಟೆ ಬಿಗಿಯುತ್ತದೆಂದು ವೈನಿ ನಗು ತಡೆದು ತಡೆದು ಕೆಂಪಾದಳು. ನಗು ನಿಂತ ಮೇಲೆ ಮೆಲ್ಲಗೆ ಕೇಳಿದಳು. "ಬಬಲೇಶ್ವರಕ್ಕ ಯಾವಾಗ ಹೋಗೂದ್ರಿ?"

ಅವ್ವ ಲೋಟದ ತಳದಲ್ಲಿ ಉಳಿದದ್ದನ್ನು ತಾನೇ ಕುಡಿದು ಕೆಳಗಿಟ್ಟಳು. "ನೋವು ಬಂತಂದ್ರ ಅಂದಿದ್ದೆ. ಡಾಕ್ಟರ ಬಾಯಿ ಇದು ನೋವಲ್ಲ ಅಂದಾಳಲ್ಲ."

ಅವ್ವ ಗಾಡಿಯನ್ನು ತಿಕೋಟಾಕ್ಕೆ ಖಾಲಿ ಕಳಿಸಿ ನಮ್ಮ ಜೊತೆಯೇ ಉಳಿದಳು. ವೈನಿಯನ್ನು ಒಂದು ದಿನ ಮಲಗಿಸಿ, ತಾನು ನನ್ನನ್ನು ಕರೆದುಕೊಂಡು ಕಾಲೇಜಿಗೆ ನಡೆದಳು. ತರ್ಕಶಾಸ್ತ್ರದ ಪ್ರೊಫೆಸರರು ಆಗಷ್ಟೇ ಬಾಗಿಲಲ್ಲಿ ಸೈಕಲ್ಲು ಇಳಿಯುತ್ತಿದ್ದರು. ಕೋಟು, ರುಮಾಲು, ಬಹಳ ಮರ್ಯಾದಸ್ಥರು. ಅವ್ವ ಸೈಕಲ್ಲಿನ ಹ್ಯಾಂಡಲ್ಲೇ ಹಿಡಿದಳು.

"ನೀವು ಮಾಸ್ತರ ಏನ್ರಿ? ನಾನು ಸುಶೀಲಾನ ಅತ್ತಿ. ಆಕಿ ಬಸುರಿ ಅದಾಳ, ನಿಮಗ ಗೊತ್ತಿದ್ದs ಐತಿ. ಪಾಠದ ನಡುವ ಎದ್ದ ಹೊರಗ ಬಂದ್ರ ನಿಮಗೇನರ ತ್ರಾಸ ಐತೇನ್ರಿ?"

ನಾನು ಭೂಮಿ ಬಾಯಿ ಬಿಡಲಿ ಎಂದು ಕಾಲಬೆರಳು ನೋಡುತ್ತ ನಿಂತೆ. ಅವರು ಕೆಮ್ಮಿದರು. ಮುಖ ಕೆಂಪಾಯಿತು.

"ತ್ರಾಸ ಏನಿಲ್ಲರೀ. ಅವರು ಕೇಳಲೇ ಇಲ್ಲ. ನಾವೂ... ಹ್ಯಾಂಗ ಕೇಳೂದು? ಬೇಕಾದಾಗ ಎದ್ದು ಹೋಗ್ಲಿ. ನಾನು ಉಳಿದವರಿಗೂ ಹೇಳ್ತೀನಿ."

"ಪರೀಕ್ಷಾದಾಗ?"

"ಪರೀಕ್ಷಾದಾಗೂ. ಜೋಡಿ ಈ ತಂಗಿ ಇರ್ಲಿ."

ಇಷ್ಟೇ. ಅಷ್ಟು ತಿಂಗಳು ನಮಗೆ ಬೆಟ್ಟದಂತೆ ಕಂಡದ್ದು ಸೈಕಲ್ಲಿನ ಪಕ್ಕ ನಿಂತು ಆಡಿದ ನಾಲ್ಕು ಮಾತಿಗೆ ಮುಗಿದುಹೋಯಿತು. ಹೊರಗೆ ಬಂದ ಮೇಲೆ ಅವ್ವ, "ಪಾಪ, ಛಲೋ ಮನಷ್ಯಾ ಅದಾನ. ಸುಮ್ಮಸುಮ್ಮನ ಹೆದರಿದ್ರಿ," ಎಂದಳು.

ಇನ್ನು ಜಾಗ. ಕಾಲೇಜಿನ ಹಿಂದೆ, ಒಂದು ಬಿದ್ದ ಕಮಾನಿನ ಪಕ್ಕ ಜೈತೂನಬಿ ಎಂಬ ಮುದುಕಿಯ ಮನೆ ಇತ್ತು. ಆಡು ಸಾಕಿಕೊಂಡು ಸೊಸೆಯಂದಿರ ಜೊತೆ ಇದ್ದಳು. ಪರದೆಯ ಮನೆಯಾದ್ದರಿಂದ ಅಂಗಳದ ಮೂಲೆಯಲ್ಲಿ ಹೆಂಗಸರಿಗೆಂದೇ ತಟ್ಟಿ ಕಟ್ಟಿ, ಗೋಣಿಯ ಪರದೆ ಇಳಿಬಿಟ್ಟಿದ್ದರು. ಅವ್ವ ಬಾಗಿಲಲ್ಲಿ ನಿಂತು ವಿಷಯ ಹೇಳಿದಳು. ಜೈತೂನಬಿ ಪೂರ್ತಿ ಕೇಳಲೂ ಇಲ್ಲ.

"ಅರೆ, ಇದನ್ನೇನ ಕೇಳ್ತಿ ಬೇ? ಬಸುರಿ ಬೇಟಿ ಬಂದ್ರ ಮನೀಗೆ ಬರ್ಕತ್. ಬಾಗಲಾ ಯಾವಾಗ್ಲೂ ತಗದs ಇರ್ತೈತಿ. ಆದ್ರ ಆ ಹೋತದ ಹಂತೇಲಿ ಹೋಗಬ್ಯಾಡ ಅನ್ನು, ಅದಕ್ಕ ಹಸರ ಕಂಡ್ರ ತಡಕೊಳ್ಳಾಕ ಆಗಂಗಿಲ್ಲ, ಸೀರಿ ತಿಂತೈತಿ."

ಮರುದಿನದಿಂದ ವೈನಿ ತಾಸಿನ ನಡುವೆ ಎದ್ದು ಬರತೊಡಗಿದಳು. ಮೊದಲ ದಿನ ತರಗತಿ ಎಲ್ಲ ಸುಮ್ಮನಾಯಿತಂತೆ. ಪ್ರೊಫೆಸರರು ಹಲಗೆಯ ಕಡೆ ತಿರುಗಿ ಏನೋ ಬರೆಯುತ್ತ ನಿಂತರಂತೆ. ಎರಡನೆಯ ದಿನ ಯಾರೂ ತಲೆ ಎತ್ತಲಿಲ್ಲ. ಆ ವಾರವೇ ಬೆಕ್ಕಿನ ಕೌದಿಯ ಹುಡುಗಿ ನನ್ನ ಬಳಿ ಬಂದು, "ಗೌರಾ, ಆ ಮುದಕಿ ನಮ್ಮನ್ನೂ ಬರಗೊಡ್ತಾಳೇನ?" ಎಂದು ಕೇಳಿದಳು. ಬಸುರಿಲ್ಲದವರೂ ತಾಸುಗಟ್ಟಲೆ ತಡೆದು ಕೂತಿದ್ದರು ಎಂದು ನನಗೆ ಆಗ ಹೊಳೆಯಿತು. ಎಲ್ಲರೂ ಹೋಗಿ ಬಂದರು. ಜೈತೂನಬಿಯ ಹೋತ ಒಬ್ಬಳ ಸೆರಗಿನ ಅಂಚು ತಿಂದಿತು.

ಪರೀಕ್ಷೆಯ ದಿನಗಳಲ್ಲಿ ಅವ್ವ ಹೊರಗಿನ ಬೇವಿನ ನೆರಳಲ್ಲಿ ಗಡಿಗೆ ಇಟ್ಟುಕೊಂಡು ಕೂತಳು. ವೈನಿ ಬರೆದು ದಣಿದಾಗ ಎದ್ದು ಬರುವುದು, ಕುಡಿಯುವುದು, ನನ್ನ ಜೊತೆ ಜೈತೂನಬಿಯ ಅಂಗಳಕ್ಕೆ ಹೋಗುವುದು, ಮತ್ತೆ ಒಳಗೆ. ದಾರಿಯಲ್ಲಿ ಪ್ರಶ್ನೆಪತ್ರಿಕೆಯ ಮಾತು ಆಡಬಾರದೆಂದು ನಮಗೆ ತಾಕೀತು. ಹೀಗಾಗಿ ಇಬ್ಬರೂ ಹೋತದ ಬಗ್ಗೆಯೇ ಮಾತಾಡಿಕೊಂಡು ಹೋಗಿ ಬರುತ್ತಿದ್ದೆವು. ಮೀನಖಂಡ ಹಿಡಿಯುವುದು ನಿಂತಿತ್ತು. ತಲೆನೋವು ಹೋಗಿತ್ತು. ಪಾದದ ಬಾವು ಸಹ ಇಳಿದಿತ್ತು. ಅದನ್ನು ನೋಡಿ ವೈನಿ, "ನಾನು ತಿಳಕೊಂಡಿದ್ದೆಲ್ಲಾ ಉಲ್ಟಾನs ಆತು ನೋಡು," ಎಂದಳು.

ಕೊನೆಯ ಪೇಪರು ಮುಗಿಸಿ ಬಂದವಳು ನೇರ ಗಾಡಿ ಹತ್ತಿದಳು. ಕೊಟ್ಟ ಮಾತಿನಂತೆ ಅದೇ ದಿನ, ಬಿಸಿಲು ಇಳಿದ ಮೇಲೆ, ಬಬಲೇಶ್ವರಕ್ಕೆ. ಜೋಳ ಕಿತ್ತ ಕರಿಯ ಹೊಲಗಳ ನಡುವೆ ಗಾಡಿ ಮೆಲ್ಲಗೆ ಹೋಯಿತು. ದಾರಿಯುದ್ದಕ್ಕೂ ನೀರು ಕುಡಿದಳು, ದಾರಿಯುದ್ದಕ್ಕೂ ಗಾಡಿ ನಿಲ್ಲಿಸಿದಳು. "ಹಿಂಗ ಹ್ವಾದ್ರ ಕೂಸು ಹಾದ್ಯಾಗs ಕಾಲೇಜ ಮುಗಸ್ತೈತಿ," ಎಂದು ಅವ್ವ ಪ್ರತಿ ಬದುವಿನ ಮರೆಗೂ ಗೊಣಗಿದಳು.

ಬೇಸಿಗೆ ನಡುವಿನಲ್ಲಿ, ತುಂಬಿದ ತಿಂಗಳಿಗೆ, ಕೂಸು ಹುಟ್ಟಿತು. ಹೆಣ್ಣು. ಹೆಚ್ಚು ಕಾಡಲಿಲ್ಲ. ಮಳೆಗಾಲದ ಮುಂಚೆ ಅಣ್ಣ ಪೇಟೆಯಿಂದ ಸುದ್ದಿ ತಂದ. ವೈನಿ ಇಂಟರ್ ಪಾಸಾಗಿದ್ದಳು, ಒಳ್ಳೆಯ ಕ್ಲಾಸಿನಲ್ಲಿ. ಬಾಣಂತಿ ಖೋಲಿಯ ಹೊಗೆಯಲ್ಲಿ ಅದನ್ನು ಕೇಳಿ ಕೂಸಿನ ಮುಖ ನೋಡಿದಳು. ಮುಂದೆ ಬಿ.ಎ. ಓದುವ ಮಾತನ್ನು ಯಾರೂ ಎತ್ತಲಿಲ್ಲ. ಕೂಸು ಬಂದಾಗಿತ್ತು. ಅವ್ವನ ಮಾತು ಎಲ್ಲರಿಗೂ ಗೊತ್ತಿತ್ತು.

ಎತ್ತಿದವಳು ಅವ್ವನೇ. ಕೂಸಿನ ಕಾಲಿಗೆ ಎಣ್ಣೆ ತಿಕ್ಕುತ್ತ, ಯಾರನ್ನೂ ನೋಡದೆ ಹೇಳಿದಳು. "ಬರದಾಕಿ ಆಕಿ, ಹೊರಗ ಗಡಗಿ ಕಾದಾಕಿ ನಾನು. ಈಗ ಬಿಡು ಅಂದ್ರ ಆಕಿ ಬಿಟ್ಟಾಳು. ನನಗ ಬಿಡಾಕ ಮನಸ್ಸಿಲ್ಲ."

ವೈನಿ ಅತ್ತೆಯ ಎಣ್ಣೆಗೈಯನ್ನು ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು.

ಬಾಣಂತನ ಪೂರಾ ಮುಗಿಯುವ ಮೊದಲೇ, ಜಿಟಿಜಿಟಿ ಮಳೆಯ ಒಂದು ಬೆಳಿಗ್ಗೆ, ನಾವು ಮತ್ತೆ ವಿಜಾಪುರದಲ್ಲಿದ್ದೆವು. ಜೈತೂನಬಿಯ ಪಡಸಾಲೆಯಲ್ಲಿ ತೊಲೆಗೆ ಸೀರೆ ಕಟ್ಟಿ ಜೋಳಿಗೆ ಮಾಡಿ ಕೂಸನ್ನು ಮಲಗಿಸಿದ್ದರು. ಅವ್ವ ಒಂದು ಕಡೆ, ತನ್ನ ಸೊಸೆಯ ಗಂಡುಕೂಸನ್ನು ಎತ್ತಿಕೊಂಡು ಜೈತೂನಬಿ ಒಂದು ಕಡೆ ಕೂತು, ನನ್ನ ಮೊಮ್ಮಗಳ ಮೂಗು ಛಲೋ, ನಿನ್ನ ಮೊಮ್ಮಗನ ಬಣ್ಣ ಛಲೋ ಎಂದು ಹೊಗಳಿಕೊಳ್ಳುತ್ತಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ. ಕೂಸು ಎಚ್ಚರಾಗಿ ಹಸಿವಿಗೆ ಅಳತೊಡಗಿತು. ಅಷ್ಟು ದೂರ ಆ ಅಳು ಕೇಳಿರಲಾರದು. ಎದೆಯಲ್ಲಿ ಹಾಲು ತುಂಬಿ ವೈನಿಗೆ ತಾನೇ ತಿಳಿದಿರಬೇಕು. ತಾಸು ಇನ್ನೂ ನಡೆದಿತ್ತು, ಯಾವ ಗಂಟೆಯೂ ಬಾರಿಸಿರಲಿಲ್ಲ. ತರಗತಿಯ ಬಾಗಿಲು ತೆರೆದು ವೈನಿ ಒಬ್ಬಳೇ ಹೊರಗೆ ಬಂದಳು. ಮುಂದೆ ಯಾರೂ ಇರಲಿಲ್ಲ, ಹಿಂದೆಯೂ ಯಾರೂ ಇರಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, ಕೆಸರು ನೋಡಿ ಕಾಲಿಡುತ್ತ, ಅವಸರವಿಲ್ಲದೆ ಬಯಲು ದಾಟಿ ನಮ್ಮ ಕಡೆ ನಡೆದುಬಂದಳು.

ಆಕೆ ಹೋದ ದಿನದಿಂದ ನನ್ನ ಕಣ್ಣ ಮುಂದೆ ಆ ಮಂಚವೊಂದೇ ಇತ್ತು. ಇಷ್ಟು ಬರೆದ ಮೇಲೆ ಈ ನಡಿಗೆ ಕಾಣುತ್ತಿದೆ. ಅವ್ವ ಜೋಳಿಗೆಯಿಂದ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ತಂದು ಹೇಳಿದ್ದೂ ಕೇಳುತ್ತಿದೆ.

"ಅಳಬ್ಯಾಡ ಯವ್ವಾ, ಬಂದ್ಳು ನೋಡು ನಿಮ್ಮವ್ವ. ಹೊಟ್ಟಿ ತುಂಬ ಕುಡದು ಆಕೀನ ಬಿಡು. ಆಕಿ ಮತ್ತ ಹೋಗಬೇಕು."